ಲೈನ್ ಇಲ್ಲದ ಮನೆ: ಲೆಕ್ಕ ಜುಲೈಯಿಂದ ಶುರು ಮಾಡಿ

ಶಿರಸಿ ಕಡೆ ತೋಟದ ಮನೆಯವರು, ಹೊಸದಾಗಿ ಜಾಗ ತಗೊಂಡು ಮನೆ ಕಟ್ಟೋರು ಸೇರಿದ್ದಲ್ಲಿ ಮಾತಾಡಿದ್ದು ಇದು. ಆಡಿದ ಹಾಗೇ ಬರ್ದಿದ್ದೇನೆ, ಕೊನೆಗೆ ಜನ ಕೇಳಿದ ಪ್ರಶ್ನೆಗಳೂ ಇವೆ.

ಎಲ್ರಿಗೂ ನಮಸ್ಕಾರ. ಕರೆಂಟ್ ಲೈನ್ ಇಲ್ದೇ ಮನೆ ನಡೆಸ್ಬೇಕು ಅನ್ನೋರು ನನ್ನ ಹತ್ರ ಕೇಳೋ ಮೊದ್ಲ ಪ್ರಶ್ನೆ ಯಾವಾಗ್ಲೂ ಒಂದೇ, ಎಷ್ಟು ಕಿಲೋವ್ಯಾಟ್ ಪ್ಯಾನಲ್ ಹಾಕ್ಬೇಕು ಹೇಳಿ. ನಾನು ತಿರುಗಿ ಕೇಳೋದು, ಜುಲೈ ತಿಂಗಳಲ್ಲಿ ನಿಮ್ಮನೇಲಿ ಸ್ನಾನದ ನೀರು ಯಾವುದ್ರಿಂದ ಕಾಯ್ತದೆ ಅಂತ. ಪ್ಯಾನಲ್ ಕೇಳಿದ್ರೆ ಇವ ನೀರು ಕೇಳ್ತಾನಲ್ಲ ಅಂತ ಸುಮಾರು ಜನಕ್ಕೆ ಅನ್ನಿಸ್ತದೆ, ಆದ್ರೆ ಇಡೀ ಮನೆ ಲೆಕ್ಕ ನಿಂತಿರೋದು ಆ ಉತ್ತರದ ಮೇಲೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹವಾಮಾನ ನೋಡಿ. ಕಾರವಾರದಲ್ಲಿ ಇಡೀ ವರ್ಷ ಬೀಳೋ ಮಳೆಯ ಅರ್ಧಕ್ಕಿಂತ ಹೆಚ್ಚು ಜೂನ್ ಜುಲೈ ಎರಡೇ ತಿಂಗಳಲ್ಲಿ ಸುರೀತದೆ. ಘಟ್ಟದ ಮೇಲೆ, ಅದ್ರಲ್ಲೂ ದೇವಿಮನೆ ಕಡೆಗೋ ಜೋಯ್ಡಾ ಕಾಡಿಗೋ ಹೋದ್ರೆ ವಾರಗಟ್ಲೆ ಸೂರ್ಯನ ಮುಖಾನೇ ಕಾಣೂದಿಲ್ಲ. ಒಂದು ಕಿಲೋವ್ಯಾಟ್ ಪ್ಯಾನಲ್ ಮಾರ್ಚ್ ತಿಂಗಳಲ್ಲಿ ದಿನಕ್ಕೆ 4ರಿಂದ 5 ಯೂನಿಟ್ ಕೊಡ್ತದೆ, ಅದೇ ಪ್ಯಾನಲ್ ಜುಲೈನಲ್ಲಿ ಸರಾಸರಿ ಅದ್ರ ಅರ್ಧ, ಮೋಡ ಕಟ್ಟಿ ಹಗ್ಲೇ ದೀಪ ಹಾಕೋ ದಿನಗಳಲ್ಲಿ 1 ಯೂನಿಟ್ ದಾಟೋದೇ ಕಷ್ಟ. ಸೋಲಾರ್ ಮಾರೋಕೆ ಬರೋರು ತೋರ್ಸೋದು ವರ್ಷದ ಸರಾಸರಿ. ಲೈನ್ ಇದ್ದ ಮನೆಗೆ ಸರಾಸರಿ ಸಾಕು, ಕಮ್ಮಿ ಬಿದ್ದದ್ದು ಲೈನಿಂದ ಬರ್ತದೆ. ಲೈನ್ ಇಲ್ದೇ ಇದ್ದ ಮನೆ ಸರಾಸರಿ ಮೇಲೆ ಬದುಕೂದಿಲ್ಲ, ಅತೀ ಕೆಟ್ಟ ತಿಂಗಳ ಮೇಲೆ ಬದುಕ್ತದೆ.

ಹಂಗಂತ ಹೆದ್ರಬೇಡಿ. ಅದೇ ಜುಲೈನಲ್ಲಿ ನಿಮ್ಮ ತೋಟದ ಮೇಲಿನ ಹಳ್ಳ ತುಂಬಿ ಹರೀತಿರ್ತದೆ, ಹಳ್ಳ ಬತ್ತೋ ಫೆಬ್ರವರಿ ಮಾರ್ಚಿಗೆ ಬಿಸ್ಲು ಜೋರಾಗಿರ್ತದೆ, ಸೆಕೆ ಇದ್ದಾಗ ಫ್ಯಾನಿಗೆ ಬೇಕಾದ ಬಿಸ್ಲು ಇದ್ದೇ ಇರ್ತದೆ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ, ಯಾವ ತಿಂಗಳಲ್ಲಿ ಯಾವುದು ಧಾರಾಳವಾಗಿ ಸಿಗ್ತದೋ ಆ ತಿಂಗಳ ಕೆಲ್ಸ ಅದ್ರಿಂದ ಮಾಡ್ಸಿ, ಎಲ್ಲದನ್ನೂ ಕರೆಂಟ್ ಮಾಡಿ ಬ್ಯಾಟ್ರಿಗೆ ತುಂಬಿ ಆಮೇಲೆ ಬಳಸ್ತೇನೆ ಅಂತ ಹೊರಡಬೇಡಿ.

ಈಗ ಸ್ನಾನದ ನೀರಿಗೆ ಬರ್ತೇನೆ. ಐದು ಜನ, ಒಬ್ರಿಗೆ 20 ಲೀಟರ್ ಬಿಸಿನೀರು ಅಂದ್ರೆ 100 ಲೀಟರ್. 22 ಡಿಗ್ರಿ ಇದ್ದ ನೀರನ್ನ 42 ಡಿಗ್ರಿಗೆ ತರೋಕೆ ಸುಮಾರು 2.3 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿ ಗೀಸರ್ ತಂದ್ರೂ ಇದ್ರ ಕೆಳಗೆ ಇಳಿಯೂದಿಲ್ಲ. ಇದನ್ನ ಹಿಂಗೇ ತಲೇಲಿಟ್ಕೊಳಿ, ಯಾಕಂದ್ರೆ ಇನ್ನು ಸ್ವಲ್ಪ ಹೊತ್ತಲ್ಲಿ ಇಡೀ ಮನೆಯ ದೀಪ, ಫ್ರಿಜ್, ಮಿಕ್ಸಿ, ಪಂಪು ಎಲ್ಲ ಸೇರಿಸ್ತೇವೆ, ಅದೂ ಹೆಚ್ಚೂಕಮ್ಮಿ ಅಷ್ಟೇ ಆಗ್ತದೆ. ಅಂದ್ರೆ ಬರೀ ಸ್ನಾನಕ್ಕೋಸ್ಕರ ಪ್ಯಾನಲ್ಲೂ ಬ್ಯಾಟ್ರಿನೂ ಡಬಲ್ ಮಾಡ್ಬೇಕು, ಅದೂ ಪ್ಯಾನಲ್ ಕೆಲ್ಸ ಮಾಡ್ದೇ ಇದ್ದ ತಿಂಗಳಲ್ಲಿ.

ನಮ್ಮಲ್ಲಿ ಬಚ್ಚಲ ಒಲೆ ಇದ್ಯಲ್ಲ, ಅದನ್ನ ಹಳೇ ಕಾಲದ್ದು ಅಂತ ಒಡೆದು ಹಾಕ್ಬೇಡಿ ದಯವಿಟ್ಟು. ಅಡಿಕೆ ಸಿಪ್ಪೆ, ಒಣಗಿದ ಹಾಳೆ, ಸೋಗೆ, ಕರಾವಳಿಯವರಾದ್ರೆ ತೆಂಗಿನ ಮಡ್ಲು, ಕಾಯಿ ಸಿಪ್ಪೆ, ಚಿಪ್ಪು, ಇದೆಲ್ಲ ತೋಟದಲ್ಲಿ ಹೆಂಗೂ ಬೀಳೋದು. ತೋಟಕ್ಕೆ ಬೇಕಾದ ಹಾಳೆ ಸೋಗೆ ಮುಚ್ಚಿಗೆಗೆ ಬಿಟ್ಟು ಉಳಿದದ್ದು ಒಲೆಗೆ. ಸರಿ ಮಾಡ್ಬೇಕಾದ್ದು ಒಲೆಯನ್ನ. ಮೂರು ಕಲ್ಲಿನ ಒಲೇಲಿ ಉರಿಯ ಹತ್ತರಲ್ಲೊಂದು ಭಾಗ ಪಾತ್ರೆಗೆ ಹೋದ್ರೆ ಹೆಚ್ಚು, ಉಳಿದದ್ದು ಗೋಡೆಗೆ, ಗಾಳಿಗೆ, ಹೆಂಗಸ್ರ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೇ ಅಂತ ಅಸ್ತ್ರ ಅನ್ನೋ ಕೇಂದ್ರ ಶುರುವಾಯ್ತು, ಅಲ್ಲಿಂದ ಬಂದದ್ದೇ ನೀವೆಲ್ಲ ನೋಡಿರೋ ಅಸ್ತ್ರ ಒಲೆ. ಕಟ್ಟಿಗೆ ಇಡೋಕೆ ಒಳಗೊಂದು ಜಾಳಿಗೆ, ಗಾಳಿ ಕೆಳಗಿಂದ ಬರ್ತದೆ, ಉರಿ ಪಾತ್ರೆಯ ತಳಕ್ಕೆ ಮುತ್ಕೊಂಡು ಹೋಗ್ತದೆ, ಹೊಗೆ ಕೊಳವೆಲಿ ಮಾಡಿನ (ಚಾವಣಿಯ) ಮೇಲೆ ಹೋಗ್ತದೆ. ಸರಿಯಾಗಿ ಕಟ್ಟಿದ್ರೆ ಮೂರರಲ್ಲೊಂದು ಭಾಗ ಶಾಖ ಪಾತ್ರೆಗೆ ಸಿಗ್ತದೆ, ಅಂದ್ರೆ ಕಟ್ಟಿಗೆ ಮೂರನೇ ಒಂದು ಪಾಲಿಗೆ ಇಳೀತದೆ, ಬೆಟ್ಟದಿಂದ ಹೊತ್ತು ತರೋ ಹೊರೆನೂ ಅಷ್ಟೇ ಇಳೀತದೆ. ಹಂಡೆ ಒಲೆಗೂ ಇದೇ ಸೂತ್ರ. ಹಂಡೆಯ ಸುತ್ತ ಗಾರೆ ಕಟ್ಟುವಾಗ ಉರಿ ಸುತ್ತಿ ಬರೋಕೆ ಎರಡು ಮೂರು ಬೆರಳು ಜಾಗ ಬಿಡ್ಸಿ, ಮೇಲೆ ಮುಚ್ಚಳ ಇಡಿ, ಮುಚ್ಚಳ ಇಲ್ದಿದ್ರೆ ಬಿಸಿ ಎಲ್ಲ ಹಬೆಯಾಗಿ ಹೋಗ್ತದೆ. ಇನ್ನೊಂದು, ಬಚ್ಚಲ ಒಲೆ ಮೇಲೆ ಒಂದು ಅಟ್ಟ ಮಾಡಿದ್ರೆ ಮಳೆಗಾಲದಲ್ಲಿ ಬಟ್ಟೆ ಒಣಗ್ತದೆ, ಮುಂದಿನ ವಾರದ ಕಟ್ಟಿಗೆನೂ ಒಣಗ್ತದೆ. ಹಸಿ ಕಟ್ಟಿಗೆ ಉರಿಸಿದ್ರೆ ಉರಿಯ ಒಂದು ಪಾಲು ಅದ್ರೊಳಗಿನ ನೀರು ಆರ್ಸೋಕೇ ಹೋಗ್ತದೆ, ಹಂಗಾಗಿ ಏಪ್ರಿಲ್ ಮೇ ತಿಂಗಳಲ್ಲೇ ಕಟ್ಟಿಗೆ ಕೊಟ್ಟಿಗೆ ತುಂಬಿರ್ಬೇಕು.

ಸೋಲಾರ್ ವಾಟರ್ ಹೀಟರ್ ಬೇಡ್ವಾ ಅಂದ್ರೆ, ಎಲ್ಲಿ ಅನ್ನೋದ್ರ ಮೇಲಿದೆ. ಶಿರಸಿ ಸಿದ್ದಾಪುರ ಯಲ್ಲಾಪುರದಲ್ಲಿ ನವೆಂಬರಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರ್ತದೆ, ಬೆಳಗಿನ ಚಳಿನೂ ಇರ್ತದೆ, ಅಲ್ಲಿ 100 ಲೀಟರಿಂದು ಹಾಕಿದ್ರೆ ನಾಲ್ಕು ತಿಂಗಳು ಒಲೆ ಹಚ್ಚೋ ಕೆಲ್ಸ ಇಲ್ಲ. ಕಾರವಾರ ಅಂಕೋಲಾದಲ್ಲಿ ಅದು ಚೆನ್ನಾಗಿ ಕಾಯೋ ಕಾಲಕ್ಕೆ ಬಿಸಿನೀರು ಕೇಳೋರೇ ಕಮ್ಮಿ. ಆ ದುಡ್ಡು ಮಾಡಿನ ಮೇಲೆ ಖರ್ಚು ಮಾಡಿ, ಅದಕ್ಕೆ ಆಮೇಲೆ ಬರ್ತೇನೆ.

ಅಡುಗೆಗೆ ನಮ್ಮ ಶಿರಸಿ ಕಡೆ ಹೊಸದಾಗಿ ಹೇಳೋದೇನೂ ಇಲ್ಲ, ಗೋಬರ್ ಗ್ಯಾಸ್. ಇಲ್ಲಿನ ಗೋಬರ್ ಗ್ಯಾಸ್ ಹೆಂಗೆ ಯಶಸ್ವಿ ಆಯ್ತು ಅಂತ 2001ರಲ್ಲೇ ಸಂಶೋಧನಾ ಲೇಖನ ಬಂದಿದೆ, ಬೇರೆ ಕಡೆ ಕಟ್ಟಿ ಬಿಟ್ಟ ಸ್ಥಾವರಗಳು ಪಾಳು ಬಿದ್ದಿದ್ದಾಗ ಇಲ್ಲಿನವು ನಡೀತಾ ಇದ್ವು. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು, ನಾಲ್ಕೈದು ಜನರ ಅಡುಗೆ ಆಗ್ತದೆ. ಇಲ್ಲೊಂದು ಎಚ್ಚರ, ದೊಡ್ಡ ಜಾತಿಯ ಹಸು ದಿನಕ್ಕೆ 10 ಕಿಲೋ ಕೊಟ್ರೆ ನಮ್ಮ ಮಲೆನಾಡು ಗಿಡ್ಡ ಅದ್ರ ಅರ್ಧ ಕೊಡ್ತದೆ, ಅದೂ ಬೆಟ್ಟಕ್ಕೆ ಮೇಯೋಕೆ ಹೋದ್ರೆ ಅರ್ಧ ಸಗಣಿ ಬೆಟ್ಟದಲ್ಲೇ ಉಳೀತದೆ. ಕೊಟ್ಟಿಗೇಲಿ ಎಷ್ಟು ಸಿಗ್ತದೆ ಅಂತ ಒಂದು ವಾರ ತೂಗಿ ನೋಡಿ ಸ್ಥಾವರದ ಸೈಜು ನಿರ್ಧಾರ ಮಾಡಿ. ದೊಡ್ಡದು ಕಟ್ಟಿ ಅರೆಹೊಟ್ಟೆ ಇಟ್ರೆ ಗ್ಯಾಸ್ ಒತ್ತಡಾನೇ ಬರೂದಿಲ್ಲ.

ಇಷ್ಟಾದ ಮೇಲೆ ಕರೆಂಟಿಗೆ ಏನು ಉಳೀತು ನೋಡಿ. ಎಂಟು ಎಲ್ಇಡಿ ಬಲ್ಬ್, 9 ವ್ಯಾಟಿಂದು, ಐದು ತಾಸು ಉರಿದ್ರೆ 360 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಸೇರಿದ್ರೆ 1 ಯೂನಿಟ್). 200 ಲೀಟರ್ ಒಳಗಿನ ಒಂದೇ ಬಾಗಿಲಿನ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್. ವೈಫೈ ಡಬ್ಬ 10 ವ್ಯಾಟೇ ಆದ್ರೂ 24 ತಾಸಿಗೆ 240 ಆಗ್ತದೆ, ಲ್ಯಾಪ್‌ಟಾಪಿಗೆ 200, ಟೀವಿಗೆ 150, ಮಿಕ್ಸಿ ಹತ್ತು ನಿಮಿಷಕ್ಕೆ 80, ಅರ್ಧ ಎಚ್ಪಿ ಪಂಪು ಅರ್ಧ ತಾಸಿಗೆ 270. ಒಟ್ಟು 1.8 ಯೂನಿಟ್. ಎಲ್ರೂ ಇಲ್ಲಿಗೆ ನಿಲ್ಲಿಸ್ತಾರೆ, ನಿಲ್ಲಿಸ್ಬೇಡಿ, ಇನ್ವರ್ಟರ್ ಸುಮ್ನೆ ಆನ್ ಆಗಿ ಕೂತ್ರೂ ತಾನೇ ಒಂದಿಷ್ಟು ತಿಂತದೆ. 40 ವ್ಯಾಟ್ ತಿನ್ನೋದಾದ್ರೆ ದಿನಕ್ಕೆ ಹತ್ರಹತ್ರ 1 ಯೂನಿಟ್, ಫ್ರಿಜ್‌ಗಿಂತ ಡಬಲ್! ಅಂಗಡೀಲಿ ಇದನ್ನ ಕೇಳಿ, ಲೋಡ್ ಇಲ್ದಾಗ, ಅಂದ್ರೆ ಏನೂ ಬಳಸ್ದೇ ಇದ್ದಾಗ, ಎಷ್ಟು ಎಳೀತದೆ ಅಂತ ಕಾಗದದಲ್ಲಿ ತೋರ್ಸಿ ಅನ್ನಿ, 25 ವ್ಯಾಟ್ ಒಳಗಿನದು ತಗೊಳಿ, ಅಲ್ಲಿಗೆ 0.6. ಮಳೆಗಾಲದ ಲೆಕ್ಕ 2.4 ಯೂನಿಟ್. ಬೇಸಿಗೇಲಿ ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟಲ್ಲಿ ತಿರುಗೋದು) 28 ವ್ಯಾಟಿಂದು ಮೂರು, ಹತ್ತು ತಾಸು, ಇನ್ನೊಂದು 0.84 ಸೇರ್ತದೆ, ಆಗ ಬಿಸ್ಲು ಬೇಕಾದಷ್ಟಿರ್ತದೆ, ಚಿಂತೆ ಇಲ್ಲ. ಹಳೇ ಫ್ಯಾನ್ ಆದ್ರೆ 75 ವ್ಯಾಟ್, ಮೊದ್ಲು ಅದನ್ನ ಬದ್ಲಿಸಿ, ಆಮೇಲೆ ಬ್ಯಾಟ್ರಿ ಮಾತು.

ಬರೀ ಸೋಲಾರ್ ಮೇಲೆ ನಡೆಸೋ ಮನೆಗೆ ನಾನು 2 ಕಿಲೋವ್ಯಾಟ್ ಪ್ಯಾನಲ್ ಹೇಳ್ತೇನೆ, ಬ್ಯಾಟ್ರಿ 5 ಯೂನಿಟ್ ಹಿಡಿಯೋ ಲಿಥಿಯಂ ಫಾಸ್ಫೇಟ್. ಅದ್ರಲ್ಲಿ 4 ಯೂನಿಟ್ ಧೈರ್ಯವಾಗಿ ಬಳಸ್ಬಹುದು. ಕತ್ತಲೆ ಕಟ್ಟಿದ ದಿನ ಪ್ಯಾನಲ್ ಒಂದೂವರೆ ಯೂನಿಟ್ ಕೊಟ್ರೂ ದಿನಕ್ಕೆ ಹತ್ರಹತ್ರ 1 ಯೂನಿಟ್ ಕೊರತೆ, ಬ್ಯಾಟ್ರಿ ತುಂಬಿದ್ರೆ ನಾಲ್ಕು ದಿನ ತಳ್ತದೆ. ನೀರು ಹಾಕೋ ಟ್ಯೂಬ್ಯುಲರ್ ಬ್ಯಾಟ್ರಿ ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸ್ಬಾರ್ದು, ಅದೇ 4 ಯೂನಿಟ್ ಬೇಕಂದ್ರೆ 12 ವೋಲ್ಟಿನ 150 ಆಂಪಿಯರ್ ಅವರಿಂದು ನಾಲ್ಕೂ ಸಾಕಾಗೂದಿಲ್ಲ, ಮತ್ತೆ ಮಳೆಗಾಲದಲ್ಲಿ ಪೂರ್ತಿ ಚಾರ್ಜ್ ಆಗ್ದೇ ದಿನಗಟ್ಲೆ ಅರ್ಧದಲ್ಲೇ ಕೂತ್ರೆ ಅದ್ರ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಆಯುಷ್ಯ ಕಮ್ಮಿ ಆಗ್ತದೆ. ಲಿಥಿಯಂ ಫಾಸ್ಫೇಟಿಗೆ ಅರ್ಧ ಚಾರ್ಜಲ್ಲಿ ಕೂರೋದು ತೊಂದ್ರೆನೇ ಅಲ್ಲ. ನಮ್ಮ ಜುಲೈಗೆ ಹೇಳಿ ಮಾಡ್ಸಿದ್ದು ಅದು.

ಪ್ಯಾನಲ್ ಇಡೋ ಜಾಗ ದೊಡ್ಡ ತಲೆನೋವು. ನಮ್ಮ ಮನೆಗಳು ಕಣಿವೇಲಿ, ತೋಟದ ತಲೆಗೆ, ಹಿಂದೆ ಬೆಟ್ಟ. ಮರದ ನೆರಳು ಒಂದು ಪ್ಯಾನಲಿನ ಮೂಲೆಗೆ ಬಿದ್ರೂ ಸಾಲಿಗೆ ಸಾಲೇ ಸೊರಗ್ತದೆ. ಅಡಿಕೆ ಒಣಗ್ಸೋ ಅಂಗಳ ಎಲ್ಲಿ ಮಾಡಿದ್ದಾರೆ ನೋಡಿ, ಹಿರಿಯರು ಬಿಸ್ಲು ನೋಡೇ ಮಾಡಿರ್ತಾರೆ, ಅದ್ರ ಅಂಚಲ್ಲಿ ಕಂಬ ಹುಗಿದು ಎತ್ತರದಲ್ಲಿ ಕೂರ್ಸಿ. ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ, ನಾವಿರೋದು 14 15 ಅಕ್ಷಾಂಶದ ಮಧ್ಯೆ. ಇನ್ನೂ ಚಪ್ಪಟೆ ಇಟ್ರೆ ಪಾಚಿ ಕಟ್ತದೆ. ಕರಾವಳಿಯವ್ರು ಸ್ಟ್ಯಾಂಡಿಗೆ ಅಗ್ಗದ ಜಿಐ (ತೆಳು ಸತುವಿನ ಲೇಪದ ಕಬ್ಬಿಣ) ಹಾಕ್ಬೇಡಿ, ಉಪ್ಪುಗಾಳಿಗೆ ನಾಲ್ಕೈದು ಮಳೆಗಾಲಕ್ಕೇ ತುಕ್ಕು ಉದುರ್ತದೆ. ಅಲ್ಯೂಮಿನಿಯಂ ಹಾಕಿ, ಇಲ್ಲಾ ಕರಗಿದ ಸತುವಲ್ಲಿ ಮುಳುಗ್ಸಿ ದಪ್ಪ ಲೇಪ ಕೊಟ್ಟ ಹಾಟ್ ಡಿಪ್ ಕಬ್ಬಿಣ, ಬೋಲ್ಟು ಸ್ಟೇನ್‌ಲೆಸ್.

ಇನ್ನು ಹಳ್ಳ. ನನಗೆ ಇದ್ರ ಬಗ್ಗೆ ಮಾತಾಡೋಕೆ ತುಂಬ ಇಷ್ಟ, ಸ್ವಲ್ಪ ಹೆಚ್ಚು ಹೊತ್ತು ಆದ್ರೆ ಸಹಿಸ್ಕೊಳಿ. ಸೆಕೆಂಡಿಗೆ 5 ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ರೆ ಅದ್ರಲ್ಲಿ 490 ವ್ಯಾಟ್ ಶಕ್ತಿ ಇದೆ, ನೀರಿನ ರಭಸಕ್ಕೆ ತಿರುಗಿ ಕರೆಂಟ್ ಮಾಡೋ ಚಿಕ್ಕ ಟರ್ಬೈನ್ ಅರ್ಧ ಹಿಡಿದ್ರೂ 245 ವ್ಯಾಟ್. ಕಮ್ಮಿ ಕಾಣ್ತದೆ ಅಲ್ದಾ? ಆದ್ರೆ ಅದು ರಾತ್ರಿ ಹಗಲು ನಡೀತದೆ, ಮೋಡ ಕೇಳೂದಿಲ್ಲ. ದಿನಕ್ಕೆ 5.9 ಯೂನಿಟ್, ನಮ್ಮ ಮಳೆಗಾಲದ ಲೆಕ್ಕಕ್ಕಿಂತ ಡಬಲ್. ಹಳ್ಳ ಇದ್ದವ್ರಿಗೆ ಪ್ಯಾನಲ್ 1 ಕಿಲೋವ್ಯಾಟ್ ಸಾಕು, ಬ್ಯಾಟ್ರಿನೂ ಅರ್ಧ ಸಾಕು.

ಅಳತೆ ನೀವೇ ಮಾಡ್ಬಹುದು. ಎತ್ತರಕ್ಕೆ ಗಾರೆಯವ್ರು ಲೆವೆಲ್ ನೋಡೋ ಪಾರದರ್ಶಕ ಟ್ಯೂಬ್ ಇದ್ಯಲ್ಲ, ಅದ್ರಲ್ಲಿ ನೀರು ತುಂಬಿ ಮೇಲಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಅಳ್ಕೊಂಡು ಬನ್ನಿ. ನೀರಿಗೆ, ಹಳ್ಳಕ್ಕೆ ಸಣ್ಣ ಕಟ್ಟ ಹಾಕಿ ನೀರೆಲ್ಲ ಒಂದು ದಂಬೆಲಿ ಬರೋ ಹಾಗೆ ಮಾಡಿ, ಕೆಳಗೆ 20 ಲೀಟರಿನ ಡಬ್ಬ ಹಿಡೀರಿ, ನಾಲ್ಕು ಸೆಕೆಂಡಲ್ಲಿ ತುಂಬಿದ್ರೆ ಸೆಕೆಂಡಿಗೆ 5 ಲೀಟರ್. ಈ ಅಳತೆ ಜುಲೈನಲ್ಲಿ ಮಾತ್ರ ಮಾಡಿದ್ರೆ ಸಾಲ್ದು, ಅಕ್ಟೋಬರಿಗೊಮ್ಮೆ, ಡಿಸೆಂಬರಿಗೊಮ್ಮೆ, ಜನವರಿ ಕೊನೆಗೊಮ್ಮೆ ಮಾಡಿ, ಬಿಸ್ಲಿಗೆ ಯಾವಾಗ ಕೆಲ್ಸ ಒಪ್ಪಿಸ್ಬೇಕು ಅಂತ ಗೊತ್ತಾಗ್ತದೆ. ಹಳ್ಳ ಅರಣ್ಯ ಜಾಗದಲ್ಲಿದ್ರೆ ಕೇಳಿ ಒಪ್ಪಿಗೆ ತಗೊಂಡೇ ಮುಂದೆ ಹೋಗಿ.

ಪೈಪಲ್ಲಿ ಜಿಪುಣತನ ಮಾಡ್ಬೇಡಿ. ತೋಟಕ್ಕೆ ತಂದ ಎರಡಿಂಚಿನ ಪೈಪ್ ಉಳಿದಿದೆ ಅದನ್ನೇ ಹಾಕ್ತೇನೆ ಅಂತಾರೆ. 100 ಮೀಟರ್ ಉದ್ದದ ಎರಡಿಂಚು ಪೈಪಲ್ಲಿ ಸೆಕೆಂಡಿಗೆ 5 ಲೀಟರ್ ನೂಕಿದ್ರೆ ನಿಮ್ಮ 10 ಮೀಟರ್ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಪೈಪಿನ ತಿಕ್ಕಾಟಕ್ಕೇ ಹೋಗ್ತದೆ! ನಾಲ್ಕಿಂಚು ಹಾಕಿದ್ರೆ ಅರ್ಧ ಮೀಟರೂ ಹೋಗೂದಿಲ್ಲ. ಆಮೇಲೆ ಬಾಯಿ. ಪೈಪಿನ ಬಾಯಿಗೆ ನೇರವಾಗಿ ಜಾಳಿಗೆ ಕಟ್ಟಿದ್ರೆ ಒಂದೇ ರಾತ್ರಿಲಿ ಎಲೆ ಅಂಟಿ ಗೋಡೆ ಆಗ್ತದೆ, ಬೆಳಿಗ್ಗೆ ಎದ್ರೆ ದೀಪ ಇಲ್ಲ, ಮಳೇಲಿ ಜಿಗಣೆ ಕಚ್ಚಿಸ್ಕೊಂಡು ಮೇಲೆ ಹತ್ತಬೇಕು. ಜಾಳಿಗೆನ ಓರೆಯಾಗಿ, ಹಳ್ಳ ಹರಿಯೋ ದಿಕ್ಕಿಗೇ ಇಳಿಜಾರಾಗಿ ಕೂರ್ಸಿ, ನೀರು ಸಂದಲ್ಲಿ ಕೆಳಗಿಳೀತದೆ, ಎಲೆ ಕಡ್ಡಿ ಮೇಲಿಂದ ಜಾರಿ ಹೋಗ್ತದೆ. ಅದ್ರ ಕೆಳಗೆ ಒಂದು ಸಣ್ಣ ತೊಟ್ಟಿ, ಮರಳು ಅಲ್ಲಿ ಕೂರ್ಲಿ, ಟರ್ಬೈನಿಗೆ ಬರೋದು ಬೇಡ.

ಇದ್ರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡೋ ವಿಷ್ಯ ಒಂದಿದೆ. ಹಳ್ಳದ ಟರ್ಬೈನಿಗೆ ಯಾವಾಗ್ಲೂ ಲೋಡ್ ಬೇಕು, ರಾತ್ರಿ ನೀವೆಲ್ಲ ಮಲಗಿ ದೀಪ ಆರ್ಸಿದ್ರೆ ಅದು ಲಗಾಮಿಲ್ದೇ ಜೋರಾಗಿ ತಿರುಗಿ ವೋಲ್ಟೇಜ್ ಏರ್ತದೆ. ಅದಕ್ಕೇ ಕಂಟ್ರೋಲರ್ ಉಳಿದ ಕರೆಂಟನ್ನ ಒಂದು ಹೀಟರ್ ಕಾಯಿಲಿಗೆ ಬಿಡ್ತದೆ. ಆ ಕಾಯಿಲನ್ನ ಗಾಳಿಗೆ ಇಡ್ಬೇಡಿ, ಬಚ್ಚಲ ಮನೆಯ ಮುಚ್ಚಿದ ನೀರಿನ ಟ್ಯಾಂಕಲ್ಲಿ ಇಡಿ. 5.9ರಲ್ಲಿ 2.4 ಮನೆಗೆ ಹೋದ್ರೆ ಉಳಿದ 3.5 ಯೂನಿಟ್ಟಲ್ಲಿ ಐದು ಜನರ ಸ್ನಾನದ ನೀರು ಕಾಯ್ತದೆ, ಬೇರೆ ಯಂತ್ರ ಬೇಡ, ಬ್ಯಾಟ್ರಿ ಬೇಡ. ಸ್ನಾನಕ್ಕೆ ಕರೆಂಟ್ ಬೇಡ ಅಂತ ಮೊದ್ಲು ಹೇಳಿದವ ಈಗ ಹಿಂಗೆ ಹೇಳ್ತಿದ್ದೇನೆ ಅಂದ್ಕೊಬೇಡಿ, ಇದು ಹಳ್ಳ ತುಂಬಿದ್ದಾಗ ಮಿಕ್ಕಿ ಹೋಗೋ ಕರೆಂಟ್.

ಸೆಕೆ ಬಗ್ಗೆ. ಕರಾವಳೀಲಿ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 33 34 ಅಷ್ಟೇ ಇದ್ರೂ ಬೆವರು ಆರೂದಿಲ್ಲ, ಗಾಳೀಲಿ ನೀರಂಶ ಜಾಸ್ತಿ. ಅದಕ್ಕೇ ನೀರು ಹಾಕೋ ಏರ್ ಕೂಲರ್ ಕಾರವಾರದಲ್ಲಿ ದಂಡ, ಬಯಲುಸೀಮೇಲಿ ತಂಪು ಮಾಡೋ ಯಂತ್ರ ಇಲ್ಲಿ ಕೋಣೆನ ಇನ್ನೂ ಅಂಟಂಟು ಮಾಡ್ತದೆ. ಇಲ್ಲಿ ಬೇಕಾದ್ದು ಮೈಮೇಲೆ ಓಡಾಡೋ ಗಾಳಿ ಮತ್ತು ಬಿಸಿಯಾಗದ ಮಾಡು. ಹಗಲಿಗೆ ಕಡಲ ಗಾಳಿ ಪಶ್ಚಿಮದಿಂದ ಬರ್ತದೆ, ರಾತ್ರಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಹೋಗ್ತದೆ. ಎರಡಕ್ಕೂ ದಾರಿ ಬೇಕು, ಪಶ್ಚಿಮಕ್ಕೊಂದು ಕಿಟಕಿ, ಅದ್ರ ಎದುರಿಗೇ ಪೂರ್ವಕ್ಕೊಂದು, ಮಧ್ಯೆ ಅಡ್ಡ ಗೋಡೆ ಇಲ್ಲ. ಪಶ್ಚಿಮದ ಇಳಿಬಿಸ್ಲು ಬೀಳ್ತದಲ್ಲ ಅಂದ್ರೆ ಅಲ್ಲಿ ಜಗಲಿ ಇಳಿಸಿ, ಇಲ್ಲಾ ಬೇಸಿಗೆಗೆ ಸೋಗೆ ಚಪ್ಪರ ಹಾಕಿ. ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಬಿಸಿ ಕುಡಿದು ಮಧ್ಯರಾತ್ರಿವರೆಗೆ ನಿಮ್ಮ ಮೇಲೆ ಕಾರ್ತದೆ. ಹಂಚಿನ ಮಾಡು ಬೇಗ ಕಾಯ್ತದೆ, ಬೇಗ ಆರ್ತದೆ, ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗ್ತದೆ, ಅದ್ರ ಕೆಳಗೆ ಮರದ ಅಟ್ಟ ಇದ್ರೆ ಕೋಣೆಗೆ ಬಿಸಿ ಇಳಿಯೂದೇ ಕಮ್ಮಿ. ಸ್ಲ್ಯಾಬ್ ಈಗಾಗ್ಲೇ ಹಾಕಿ ಆಗಿದ್ರೆ ಮೇಲೊಂದು ಹಂಚಿನ ಮಾಡು ಎತ್ತರಿಸಿ, ಎರಡು ಬದಿ ಗಾಳಿಗೆ ತೆರೆದಿಡಿ, ಮಳೆಗಾಲದಲ್ಲಿ ಸೋರೋದೂ ನಿಲ್ತದೆ. ಹೀಟರಿಗೆ ಹಾಕ್ಬೇಡಿ ಅಂದ ದುಡ್ಡು ಇದಕ್ಕೆ.

ಪ್ರಶ್ನೆಗಳು ಬಂದ್ವು. ಅಂಕೋಲಾ ಕಡೆಯವ್ರು ಒಬ್ರು, ಮನೇಲಿ ವಯಸ್ಸಾದ ತಾಯಿ ಇದ್ದಾರೆ, ಎಸಿ ಬೇಕೇ ಬೇಕು ಅಂದ್ರು. ಬೇಕಾದ್ರೆ ಹಾಕ್ಲೇಬೇಕು, ಅದ್ರಲ್ಲಿ ವಾದ ಇಲ್ಲ. 1 ಟನ್ನಿನ ಇನ್ವರ್ಟರ್ ಎಸಿ ರಾತ್ರಿ ಎಂಟು ತಾಸು ನಡೆಸಿದ್ರೆ 5 ಯೂನಿಟ್ ಹತ್ರ ಹೋಗ್ತದೆ, ಅಷ್ಟಕ್ಕೆ ಇನ್ನೊಂದು ಬ್ಯಾಟ್ರಿನೇ ಬೇಕು. ಮಧ್ಯಾಹ್ನ 11ರಿಂದ 4ರವರೆಗೆ ನಡೆಸಿದ್ರೆ ಬ್ಯಾಟ್ರಿ ಮುಟ್ಟೂದೇ ಬೇಡ, ಆಗ ಪ್ಯಾನಲ್ ಮಾಡೋ ಕರೆಂಟ್ ಹೆಂಗೂ ಮಿಕ್ಕಿ ಹೋಗ್ತಿರ್ತದೆ. ಒಂದೇ ಸಣ್ಣ ಕೋಣೆ, ಅದಕ್ಕೆ ಮಾತ್ರ ಒಳಮಾಡು ಮುಚ್ಚಿ, ಸಂದಿ ಬಿಗಿ ಮಾಡಿ, ಮುಕ್ಕಾಲು ಟನ್ನಿಂದು ಹಾಕಿ, ರಾತ್ರಿಗೆ ಕಿಟಕಿ ತೆಗೆದು ಫ್ಯಾನ್. ತಾಯಿಯವರಿಗೆ ರಾತ್ರಿನೂ ಬೇಕಾದ್ರೆ ಬ್ಯಾಟ್ರಿ ಖರ್ಚು ಮಾಡಿ, ಬೇರೆ ಎಲ್ಲಿಯಾದ್ರೂ ಉಳಿಸ್ಕೊಳಿ.

ಇಂಡಕ್ಷನ್ ಒಲೆ? ಮಾರ್ಚಲ್ಲಿ ಮಧ್ಯಾಹ್ನದ ಅನ್ನ ಸಾರಿಗೆ ಧಾರಾಳ, ಜುಲೈನಲ್ಲಿ ಎತ್ತಿ ಮೇಲಿಡಿ.

ಇನ್ನೊಬ್ರು ಸಿಡಿಲಿನ ಬಗ್ಗೆ ಕೇಳಿದ್ರು, ಒಳ್ಳೇ ಪ್ರಶ್ನೆ. ಮಳೆ ಹಿಡಿಯೋ ಮುಂಚೆ ಏಪ್ರಿಲ್ ಮೇ, ಮತ್ತೆ ಮಳೆ ಹೋಗೋ ಅಕ್ಟೋಬರ್, ಇವೇ ನಮ್ಮ ಕಡೆ ಗುಡುಗು ಸಿಡಿಲಿನ ಕಾಲ. ಚಿರೇಕಲ್ಲು ನೆಲ ಬೇಸಿಗೇಲಿ ಒಣಗಿ ಕರೆಂಟ್ ಹರಿಯೋಕೇ ಬಿಡೂದಿಲ್ಲ, ಅಲ್ಲಿ ಒಂದು ಅರ್ಥಿಂಗ್ ರಾಡ್ ಹೊಡೆದು ಬಿಟ್ರೆ ಹೆಸರಿಗೆ ಮಾತ್ರ. ಬಚ್ಚಲ ನೀರು ಹರಿಯೋ ಕಡೆ, ಬಾಳೆ ಬುಡದ ಹತ್ರ, ನೆಲ ಯಾವಾಗ್ಲೂ ಹಸಿ ಇರೋ ಜಾಗ ನೋಡಿ ಗುಂಡಿ ತೆಗ್ಸಿ, ಆಮೇಲೆ ಎರಡು ಮೂರು ರಾಡ್ ದೂರ ದೂರ ಹೊಡೆದು ಒಟ್ಟಿಗೆ ಜೋಡ್ಸಿ. ಪ್ಯಾನಲ್ ಫ್ರೇಮು, ಸ್ಟ್ಯಾಂಡು, ಇನ್ವರ್ಟರಿನ ಮೈ ಎಲ್ಲ ಅದಕ್ಕೇ. ಪ್ಯಾನಲಿಂದ ವಯರ್ ಒಳಗೆ ಬರೋ ಜಾಗದಲ್ಲಿ ಸಿಡಿಲಿಗೆ ಏರೋ ವೋಲ್ಟೇಜನ್ನ ನೆಲಕ್ಕೆ ಇಳಿಸೋ ಸರ್ಜ್ ಪ್ರೊಟೆಕ್ಟರ್ ಇರ್ಲೇಬೇಕು, ಪ್ಯಾನಲಿಂದ ಬರೋ ಡಿಸಿ ಕರೆಂಟಿನ ಬದಿಗೊಂದು, ಇನ್ವರ್ಟರಿಂದ ಮನೆಗೆ ಹೋಗೋ ಎಸಿ ಕರೆಂಟಿನ ಬದಿಗೊಂದು. ಎಷ್ಟು ಮಾಡಿದ್ರೂ ನೇರ ಬಿದ್ರೆ ತಡೆಯೂದಿಲ್ಲ, ಅದಕ್ಕೆ ಪ್ಯಾನಲ್ ಕಡೆ ಅದನ್ನ ಮನೆಯಿಂದ ಬೇರೆ ಮಾಡೋ ಒಂದು ಐಸೊಲೇಟರ್ ಸ್ವಿಚ್ ಕೈಗೆ ಸಿಗೋ ಎತ್ತರದಲ್ಲಿ ಹಾಕ್ಸಿ. ಗುಡುಗು ದೂರದಲ್ಲಿ ಇರುವಾಗ್ಲೇ ಅದನ್ನ ಆಫ್ ಮಾಡಿ, ಮೋಡ ತಲೆಮೇಲೆ ಬಂದ ಮೇಲೆ ಸ್ವಿಚ್ ಹತ್ರ ಹೋಗೋದು ಬೇಡ, ಮಕ್ಕಳಿಗೂ ಇದನ್ನ ಹೇಳಿ ಇಡಿ.